ನಮೂನೆ 27: ಪೇಟೆಂಟ್ ಕಾಯಿದೆಯ ಒಂದು ಕಾಗದದ ಕಥೆ

ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಮಲ್ಲತ್ತಹಳ್ಳಿ ಇದೆ. ಹಿಂದೊಮ್ಮೆ ಹಳ್ಳಿಯಾಗಿದ್ದ ಈ ಊರು ಈಗ ನಗರದೊಳಗೆ ಸೇರಿಹೋಗಿದೆ. ಅಲ್ಲಿಯ ಕೆರೆ ಮತ್ತು ಕಲಾಗ್ರಾಮ ನಿಮಗೆ ಗೊತ್ತಿರಬಹುದು. ಅದಕ್ಕೆ ತಾಗಿಕೊಂಡೇ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣವಿದೆ. ಹತ್ತಿರದಲ್ಲೇ ಡಾ. ಅಂಬೇಡ್ಕರ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಇದೆ. ನೆರೆಯ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆ ಇದೆ. ಹೀಗಾಗಿ ಈ ಕಡೆಗೆ ಬರುವ ಬಸ್ಸುಗಳಲ್ಲಿ ರಸಾಯನ ವಿಜ್ಞಾನ ಓದುವವರು, ಎಂಜಿನಿಯರಿಂಗ್ ಓದುವವರು, ಕಾನೂನು ಓದುವವರು ಒಟ್ಟಿಗೇ ಬರುತ್ತಾರೆ. ಇಳಿದ ಮೇಲೆ ಅವರ ದಾರಿಗಳು ಬೇರೆಬೇರೆ.

ಈ ಮೂವರೂ ಒಂದೇ ಮೇಜಿನ ಸುತ್ತ ಕೂರಲೇಬೇಕಾದ ಒಂದು ವಿಷಯವಿದೆ. ಅದು ಪೇಟೆಂಟ್. ಕಳೆದ ಮೂರು ದಶಕಗಳಲ್ಲಿ ನಮ್ಮ ಪೇಟೆಂಟ್ ಕಾಯಿದೆ ಹಲವು ಬಾರಿ ಬದಲಾಗಿದೆ. ಆ ಬದಲಾವಣೆ ವಕೀಲರ ಕಸುಬನ್ನೂ ಬದಲಿಸಿತು. ವಿಜ್ಞಾನ ಪದವೀಧರರಿಗೆ ಹೊಸ ಕಸುಬನ್ನೂ ಕೊಟ್ಟಿತು. ಅದಕ್ಕಿಂತ ಮುಖ್ಯವಾಗಿ, ಔಷಧಿ ಅಂಗಡಿಯಲ್ಲಿ ನೀವು ಕೊಡುವ ಹಣವನ್ನೂ ಅದು ಮುಟ್ಟುತ್ತದೆ. ಈ ಇತಿಹಾಸವನ್ನು ಒಂದು ಸಾಮಾನ್ಯ ಕಾಗದದ ಮೂಲಕ ನೋಡೋಣ. ಆ ಕಾಗದದ ಹೆಸರು 'ನಮೂನೆ 27'.

ಕೊಟ್ಟು ತೆಗೆದುಕೊಳ್ಳುವ ಒಪ್ಪಂದ

ಪೇಟೆಂಟ್ ಎಂದರೆ ಉಪಜ್ಞೆಗೆ ಸಿಗುವ ಬಹುಮಾನ ಎಂದು ಹಲವರು ತಿಳಿದಿದ್ದಾರೆ. ಅದು ಬಹುಮಾನವಲ್ಲ, ಒಪ್ಪಂದ. ಉಪಜ್ಞೆಕಾರ ತನ್ನ ಉಪಜ್ಞೆಯನ್ನು ಅದೇ ಕ್ಷೇತ್ರದ ಮತ್ತೊಬ್ಬ ಪರಿಣತ ಮಾಡಿನೋಡಲು ಸಾಧ್ಯವಾಗುವಷ್ಟು ಸ್ಪಷ್ಟವಾಗಿ ಬರೆದು ಬಹಿರಂಗಪಡಿಸಬೇಕು. ಬದಲಿಗೆ ಸರ್ಕಾರ ಅವನಿಗೆ ನಿಗದಿತ ಅವಧಿಯ ಹಕ್ಕನ್ನು ಕೊಡುತ್ತದೆ. ಆ ಅವಧಿಯಲ್ಲಿ ಬೇರೆಯವರು ಅವನ ಒಪ್ಪಿಗೆಯಿಲ್ಲದೆ ಅದನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ. ಅವಧಿ ಮುಗಿದ ಮೇಲೆ ಆ ಜ್ಞಾನ ಎಲ್ಲರ ಸ್ವತ್ತು.

ನಮ್ಮಲ್ಲಿ ಈ ಒಪ್ಪಂದದ ಇತಿಹಾಸ 1856ರಲ್ಲಿ ಆರಂಭವಾಗುತ್ತದೆ. ಆ ವರ್ಷ ಕಲ್ಕತ್ತೆಯ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್‌ಫ್ರೆಡ್ ಡಿಪೆನಿಂಗ್ ಭಾರತದ ಮೊದಲ ಅರ್ಜಿ ಸಲ್ಲಿಸಿದ. ಛಾವಣಿಗೆ ತೂಗುಹಾಕುವ ಪಂಖಾವನ್ನು ಎಳೆಯುವ ಯಂತ್ರ ಅವನ ಉಪಜ್ಞೆ. ಮುಂದೆ 1911ರ ಪೇಟೆಂಟ್ ಮತ್ತು ವಿನ್ಯಾಸ ಕಾಯಿದೆ ಬಂತು. ಸ್ವಾತಂತ್ರ್ಯದ ನಂತರ ಬಕ್ಷಿ ಟೇಕ್ ಚಂದ್ ಸಮಿತಿ, ಅನಂತರ ನ್ಯಾಯಮೂರ್ತಿ ಎನ್. ರಾಜಗೋಪಾಲ ಅಯ್ಯಂಗಾರ್ ಅವರು ಈ ಕಾಯಿದೆಯನ್ನು ಪರಿಶೀಲಿಸಿದರು. ಭಾರತದ ಪೇಟೆಂಟ್‌ಗಳಲ್ಲಿ ಬಹುಪಾಲು ವಿದೇಶೀಯರ ಕೈಯಲ್ಲಿವೆ, ಅವುಗಳಲ್ಲಿ ಹೆಚ್ಚಿನವು ಇಲ್ಲಿ ಬಳಕೆಗೇ ಬರುತ್ತಿಲ್ಲ ಎಂಬುದನ್ನು ಅಯ್ಯಂಗಾರ್ ಅವರ 1959ರ ವರದಿ ಎತ್ತಿ ತೋರಿಸಿತು. ಪೇಟೆಂಟ್ ಹಿಡಿದವರು ಇಲ್ಲಿ ತಯಾರಿಸುವುದಿಲ್ಲ, ಬೇರೆಯವರಿಗೆ ತಯಾರಿಸಲು ಬಿಡುವುದೂ ಇಲ್ಲ. ಹಾಗಾದರೆ ಒಪ್ಪಂದದಿಂದ ನಮಗೇನು ಲಾಭ?

ಈ ಪ್ರಶ್ನೆಗೆ ಉತ್ತರವಾಗಿ ಬಂದದ್ದೇ 1970ರ ಪೇಟೆಂಟ್ ಕಾಯಿದೆ. ಅದು 1972ರ ಏಪ್ರಿಲ್ 20ರಂದು ಜಾರಿಗೆ ಬಂತು. ಆಹಾರ, ಔಷಧಿ ಮತ್ತು ರಾಸಾಯನಿಕಗಳ ವಿಷಯದಲ್ಲಿ ಅದು ವಸ್ತುವಿಗೆ ಪೇಟೆಂಟ್ ಕೊಡಲಿಲ್ಲ, ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿತು.

ಇದರ ಅರ್ಥವೇನು? ರಸಾಯನ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಅಣುವನ್ನು ತಲಪಲು ಹಲವು ದಾರಿಗಳಿರುತ್ತವೆ. ಬೇರೆ ಆರಂಭಿಕ ವಸ್ತು, ಬೇರೆ ಕ್ರಿಯಾವರ್ಧಕ, ಬೇರೆ ಹಂತಗಳು. ಕೊನೆಗೆ ಸಿಗುವ ಅಣು ಮಾತ್ರ ಒಂದೇ. ವಿಧಾನಕ್ಕಷ್ಟೇ ಪೇಟೆಂಟ್ ಇದ್ದಾಗ, ಬೇರೆ ದಾರಿ ಹುಡುಕಿದವನು ಅದೇ ಔಷಧಿಯನ್ನು ತಯಾರಿಸಬಹುದು. ನಮ್ಮ ಔಷಧಿ ಕಾರ್ಖಾನೆಗಳು ಈ ಕೌಶಲದ ಮೇಲೆ ಬೆಳೆದವು. ಔಷಧಿಯ ವಿಧಾನ ಪೇಟೆಂಟ್‌ನ ಅವಧಿಯೂ ಚಿಕ್ಕದು: ಪೇಟೆಂಟ್ ನೀಡಿದ ದಿನದಿಂದ ಐದು ವರ್ಷ ಅಥವಾ ಅರ್ಜಿಯ ದಿನದಿಂದ ಏಳು ವರ್ಷ, ಇವುಗಳಲ್ಲಿ ಯಾವುದು ಮೊದಲೋ ಅದು.

ಇದೇ ಕಾಯಿದೆಯಲ್ಲಿ ಇನ್ನೊಂದು ಮಾತಿತ್ತು. ಪೇಟೆಂಟ್ ಪಡೆದವರು ಅದನ್ನು ಭಾರತದಲ್ಲಿ ಎಷ್ಟರಮಟ್ಟಿಗೆ ಬಳಕೆಗೆ ತಂದಿದ್ದೇವೆ ಎಂದು ಕಾಲಕಾಲಕ್ಕೆ ಲೆಕ್ಕ ಒಪ್ಪಿಸಬೇಕು. ಸೆಕ್ಷನ್ 146 ಹೇಳುವುದು ಇದನ್ನೇ. ಆ ಲೆಕ್ಕ ಬರೆಯುವ ಕಾಗದವೇ ನಮೂನೆ 27.

ಮೂರು ತಿದ್ದುಪಡಿಗಳು

1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಘಟನೆ ಹುಟ್ಟಿತು. ಅದರ ಸದಸ್ಯನಾದ ಭಾರತ 'ಟ್ರಿಪ್ಸ್' ಒಪ್ಪಂದಕ್ಕೆ ತಕ್ಕಂತೆ ತನ್ನ ಕಾಯಿದೆಯನ್ನು ಬದಲಿಸಬೇಕಾಯಿತು. ಹತ್ತು ವರ್ಷಗಳ ಗಡುವು ಇತ್ತು. ಬದಲಾವಣೆ ಮೂರು ಕಂತುಗಳಲ್ಲಿ ಬಂತು.

1999ರ ತಿದ್ದುಪಡಿ ಔಷಧಿ ಮತ್ತು ಕೃಷಿ ರಾಸಾಯನಿಕಗಳ ವಸ್ತು ಪೇಟೆಂಟ್ ಅರ್ಜಿಗಳನ್ನು ಪಡೆದು ಕಾದಿರಿಸುವ ವ್ಯವಸ್ಥೆ ಮಾಡಿತು. ಇದನ್ನು 'ಅಂಚೆಪೆಟ್ಟಿಗೆ' ಎಂದು ಕರೆದರು. ಅರ್ಜಿ ಹಾಕಬಹುದು; ಪೆಟ್ಟಿಗೆ ತೆರೆಯುವುದು 2005ರಲ್ಲಿ. 2002ರ ತಿದ್ದುಪಡಿ ಎಲ್ಲ ಪೇಟೆಂಟ್‌ಗಳ ಅವಧಿಯನ್ನು 20 ವರ್ಷಕ್ಕೆ ಏರಿಸಿತು. 2005ರ ಜನವರಿ 1ರಿಂದ ಜಾರಿಗೆ ಬಂದ ಮೂರನೆಯ ತಿದ್ದುಪಡಿ ಔಷಧಿಗೂ ವಸ್ತು ಪೇಟೆಂಟ್ ಕೊಟ್ಟಿತು. ಬೇರೆ ದಾರಿಯಿಂದ ಅದೇ ಅಣುವಿಗೆ ಹೋಗುವ ಅವಕಾಶ ಅಲ್ಲಿಗೆ ಮುಚ್ಚಿತು.

ಆದರೆ ಸಂಸತ್ತು ಎಲ್ಲ ಬಾಗಿಲನ್ನೂ ಮುಚ್ಚಲಿಲ್ಲ. ಮೂರು ಕಿಟಕಿಗಳನ್ನು ತೆರೆದಿಟ್ಟಿತು. ಮೊದಲನೆಯದು ಸೆಕ್ಷನ್ 3(ಡಿ). ಗೊತ್ತಿರುವ ವಸ್ತುವಿನ ಹೊಸ ರೂಪವು ಪರಿಣಾಮದಲ್ಲಿ ಹೆಚ್ಚಳವನ್ನು ತೋರಿಸದಿದ್ದರೆ ಅದು ಉಪಜ್ಞೆಯಲ್ಲ ಎನ್ನುತ್ತದೆ ಇದು. ಎರಡನೆಯದು ಪೇಟೆಂಟ್ ನೀಡುವ ಮೊದಲೇ 'ಯಾವ ವ್ಯಕ್ತಿಯಾದರೂ' ಆಕ್ಷೇಪಣೆ ಸಲ್ಲಿಸಬಹುದು ಎಂಬ ಸೆಕ್ಷನ್ 25(1). ಮೂರನೆಯದು ಮೊದಲಿನಿಂದಲೂ ಇದ್ದ ಕಡ್ಡಾಯ ಪರವಾನಗಿ. ಪೇಟೆಂಟ್ ಪಡೆದ ವಸ್ತು ಜನರಿಗೆ ಸಾಕಷ್ಟು ಸಿಗದಿದ್ದರೆ, ನ್ಯಾಯವಾದ ಬೆಲೆಗೆ ದೊರೆಯದಿದ್ದರೆ, ಅಥವಾ ಭಾರತದಲ್ಲಿ ಬಳಕೆಗೆ ಬಾರದಿದ್ದರೆ, ಇನ್ನೊಬ್ಬರಿಗೆ ತಯಾರಿಸಲು ಅನುಮತಿ ಕೊಡಬಹುದು.

ಹರಳಿನ ಮೊಕದ್ದಮೆ

ಮೊದಲ ಕಿಟಕಿಯ ಪರೀಕ್ಷೆ ನಡೆದದ್ದು ನಮ್ಮ ನೆರೆಯ ಚೆನ್ನೈನ ಪೇಟೆಂಟ್ ಕಚೇರಿಯಲ್ಲಿ. ಕರ್ನಾಟಕದ ಅರ್ಜಿದಾರರೂ ಇದೇ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ರಕ್ತದ ಒಂದು ಬಗೆಯ ಕ್ಯಾನ್ಸರ್‌ಗೆ ಕೊಡುವ ಇಮ್ಯಾಟಿನಿಬ್ ಮೆಸಿಲೇಟ್‌ನ 'ಬೀಟಾ' ಹರಳು ರೂಪಕ್ಕೆ ನೊವಾರ್ಟಿಸ್ ಕಂಪನಿ 1998ರಲ್ಲಿ ಅರ್ಜಿ ಸಲ್ಲಿಸಿತ್ತು.

ಹರಳು ರೂಪ ಎಂದರೇನೆಂದು ನಿಮಗೆ ಗೊತ್ತು. ವಜ್ರ ಮತ್ತು ಗ್ರಾಫೈಟ್ ಎರಡೂ ಕಾರ್ಬನ್ನೇ, ಜೋಡಣೆ ಬೇರೆ. ಹಾಗೆಯೇ ಒಂದೇ ಔಷಧಿಯ ಅಣುಗಳು ಬೇರೆಬೇರೆ ಬಗೆಯಲ್ಲಿ ಜೋಡಣೆಗೊಂಡು ಬೇರೆಬೇರೆ ಹರಳುಗಳಾಗಬಹುದು. ಒಂದು ಹರಳು ಸುಲಭವಾಗಿ ಹರಿಯುತ್ತದೆ, ತೇವ ಹೀರುವುದಿಲ್ಲ, ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಇವು ಮಾತ್ರೆ ತಯಾರಿಸುವವರಿಗೆ ಉಪಯುಕ್ತ ಗುಣಗಳೇ. ಆದರೆ ರೋಗಿಯ ದೇಹದಲ್ಲಿ ಔಷಧಿಯ ಕೆಲಸ ಇದರಿಂದ ಉತ್ತಮವಾಗುತ್ತದೆಯೆ? ಇದೇ ಪ್ರಶ್ನೆ.

ಕಚೇರಿ 2006ರಲ್ಲಿ ಅರ್ಜಿಯನ್ನು ತಿರಸ್ಕರಿಸಿತು. 2013ರ ಏಪ್ರಿಲ್ 1ರಂದು ಸರ್ವೋಚ್ಚ ನ್ಯಾಯಾಲಯವೂ ಅದೇ ನಿಲುವನ್ನು ಎತ್ತಿಹಿಡಿಯಿತು. ಔಷಧಿಯ ವಿಷಯದಲ್ಲಿ 'ಪರಿಣಾಮ' ಎಂದರೆ ಚಿಕಿತ್ಸಾ ಪರಿಣಾಮ ಎಂದು ನ್ಯಾಯಾಲಯ ಹೇಳಿತು. ಹರಿಯುವ ಗುಣ, ತೇವ ತಡೆಯುವ ಗುಣ ಅದಕ್ಕೆ ಸಾಲವು. ಈ ಔಷಧಿಯ ತಿಂಗಳ ವೆಚ್ಚ ಆಗ ಕಂಪನಿಯ ಬೆಲೆಯಲ್ಲಿ ಸುಮಾರು 1.2 ಲಕ್ಷ ರೂಪಾಯಿ ಇತ್ತು. ಭಾರತೀಯ ತಯಾರಕರ ಬೆಲೆಯಲ್ಲಿ ಸುಮಾರು 10 ಸಾವಿರದೊಳಗೆ ಇತ್ತು. ಒಂದು ಹರಳಿನ ಜೋಡಣೆಯ ಮೇಲೆ ಎಷ್ಟು ಜೀವಗಳು ನಿಂತಿದ್ದವೆಂದು ಈ ಎರಡು ಅಂಕಿಗಳೇ ಹೇಳುತ್ತವೆ.

ಈ ಮೊಕದ್ದಮೆಯಲ್ಲಿ ಯಾವ ಕಂಪನಿಯ ಪರವಾಗಿಯೂ ಅಲ್ಲದೆ, ಕಾನೂನು ಅಧ್ಯಾಪಕರಾಗಿ ಸರ್ವೋಚ್ಚ ನ್ಯಾಯಾಲಯದ ಮುಂದೆ ನಿಂತು ಸೆಕ್ಷನ್ 3(ಡಿ)ಯ ಅರ್ಥವನ್ನು ವಿವರಿಸಿದವರು ಒಬ್ಬರಿದ್ದರು. ಅವರು ಶಮ್ನಾದ್ ಬಷೀರ್. ನಾಗರಬಾವಿಯ ಕಾನೂನು ಶಾಲೆಯಲ್ಲಿ ಓದಿದವರು.

ಲೆಕ್ಕ ಕೇಳಿದ ಮೇಷ್ಟ್ರು

ಬಷೀರ್ ಮುಂದೆ ಆಕ್ಸ್‌ಫರ್ಡ್‌ನಲ್ಲಿ ಸಂಶೋಧನೆ ಮಾಡಿದರು, ಕೋಲ್ಕತ್ತದ ಕಾನೂನು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. 2014ರ ಇನ್ಫೋಸಿಸ್ ಪ್ರಶಸ್ತಿ ಅವರಿಗೆ ಬಂತು. ಅವರು ಹಿಡಿದದ್ದು ಎಲ್ಲರೂ ಮರೆತಿದ್ದ ನಮೂನೆ 27ನ್ನು.

ಈ ಕಾಗದದ ಬೆಲೆ 2012ರಲ್ಲಿ ತಿಳಿಯಿತು. ಮೂತ್ರಪಿಂಡ ಮತ್ತು ಯಕೃತ್ತಿನ ಕ್ಯಾನ್ಸರ್‌ಗೆ ಕೊಡುವ ಸೊರಾಫೆನಿಬ್ ಎಂಬ ಔಷಧಿಗೆ ಬೇಯರ್ ಕಂಪನಿಯ ಪೇಟೆಂಟ್ ಇತ್ತು. ತಿಂಗಳ ಬೆಲೆ ಸುಮಾರು 2.8 ಲಕ್ಷ ರೂಪಾಯಿ. ಹೈದರಾಬಾದಿನ ನ್ಯಾಟ್ಕೊ ಕಂಪನಿ ಸುಮಾರು 8,800 ರೂಪಾಯಿಗೆ ಮಾರುವುದಾಗಿ ಹೇಳಿ ಕಡ್ಡಾಯ ಪರವಾನಗಿ ಕೇಳಿತು. ಬೇಯರ್ ತಾನೇ ಸಲ್ಲಿಸಿದ್ದ ನಮೂನೆ 27ರಲ್ಲಿ ಎಷ್ಟು ಔಷಧಿಯನ್ನು ಆಮದು ಮಾಡಿಕೊಂಡಿದ್ದೇವೆ ಎಂಬ ಲೆಕ್ಕವಿತ್ತು. ಆ ಲೆಕ್ಕವನ್ನು ರೋಗಿಗಳ ಸಂಖ್ಯೆಯ ಜೊತೆ ಇಟ್ಟು ನೋಡಿದಾಗ, ಅಗತ್ಯವಿದ್ದವರಲ್ಲಿ ಶೇಕಡ 2ಕ್ಕಿಂತ ತುಸು ಹೆಚ್ಚು ಜನರಿಗಷ್ಟೇ ಔಷಧಿ ತಲಪಿತ್ತು. ಕಂಟ್ರೋಲರ್ ಪಿ. ಎಚ್. ಕುರಿಯನ್ ಅವರು 2012ರ ಮಾರ್ಚ್‌ನಲ್ಲಿ ಭಾರತದ ಮೊದಲ ಕಡ್ಡಾಯ ಪರವಾನಗಿಯನ್ನು ನೀಡಿದರು. ನ್ಯಾಟ್ಕೊ ಬೇಯರ್‌ಗೆ ಶೇಕಡ 6ರಷ್ಟು ಗೌರವಧನ ಕೊಡಬೇಕೆಂದು ಆದೇಶವಾಯಿತು. ಮೇಲ್ಮನವಿಯಲ್ಲಿ ಅದು ಶೇಕಡ 7 ಆಯಿತು.

ಇಲ್ಲೊಂದು ತರ್ಕ ಗಮನಿಸಿ. ಔಷಧಿ ಸಾಲುತ್ತಿಲ್ಲ ಎಂದು ಸಾಬೀತು ಮಾಡಬೇಕಾದರೆ ಅಂಕಿಸಂಖ್ಯೆ ಬೇಕು. ಅಂಕಿಸಂಖ್ಯೆ ಇರುವುದು ಪೇಟೆಂಟ್ ಹಿಡಿದವರ ಬಳಿ. ಅವರು ಅದನ್ನು ಬರೆದುಕೊಡದಿದ್ದರೆ ಕಡ್ಡಾಯ ಪರವಾನಗಿಯ ಕಿಟಕಿ ಕಾಗದದ ಮೇಲಷ್ಟೇ ಉಳಿಯುತ್ತದೆ. ಬಷೀರ್ ಮತ್ತು ಅವರ ಸಂಗಡಿಗರು ಮಾಹಿತಿ ಹಕ್ಕಿನಡಿ ಹಲವು ನಮೂನೆಗಳನ್ನು ತರಿಸಿ ನೋಡಿದರು. ಕೆಲವರು ಸಲ್ಲಿಸಿರಲೇ ಇಲ್ಲ. ಕೆಲವರು ಅಪೂರ್ಣವಾಗಿ ಸಲ್ಲಿಸಿದ್ದರು. ತಪ್ಪಿದವರಿಗೆ ದಂಡ ವಿಧಿಸಲು ಕಾಯಿದೆಯಲ್ಲಿ ಅವಕಾಶವಿದ್ದರೂ ಅದನ್ನು ಬಳಸಿರಲಿಲ್ಲ. 2015ರಲ್ಲಿ ಬಷೀರ್ ದೆಹಲಿ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದರು. ತನ್ನದೇ ಕಾಯಿದೆಯನ್ನು ಸರ್ಕಾರ ಪಾಲಿಸುವಂತೆ ಮಾಡಿ ಎಂಬುದಷ್ಟೇ ಅವರ ಕೋರಿಕೆ.

ಅದೇ ವರ್ಷದ ಮಾರ್ಚ್‌ನಲ್ಲಿ ಅವರ ಇನ್ನೊಂದು ಅರ್ಜಿಯ ತೀರ್ಪು ಮದ್ರಾಸ್ ಉಚ್ಚ ನ್ಯಾಯಾಲಯದಿಂದ ಬಂದಿತ್ತು. ಬೌದ್ಧಿಕ ಸ್ವತ್ತಿನ ಮೇಲ್ಮನವಿ ಮಂಡಳಿಗೆ ಸದಸ್ಯರನ್ನು ನೇಮಿಸುವ ಕ್ರಮದ ಕೆಲವು ಅಂಶಗಳು ಸಂವಿಧಾನಕ್ಕೆ ವಿರುದ್ಧವೆಂದು ಆ ತೀರ್ಪು ಹೇಳಿತು.

ನಮೂನೆ 27ರ ಮೊಕದ್ದಮೆಯ ಫಲ ಮಾತ್ರ ವಿಚಿತ್ರವಾಯಿತು. ಸರ್ಕಾರ ನಿಯಮಗಳನ್ನು ಪರಿಷ್ಕರಿಸುವುದಾಗಿ ನ್ಯಾಯಾಲಯಕ್ಕೆ ತಿಳಿಸಿತು. 2020ರ ಅಕ್ಟೋಬರ್‌ನಲ್ಲಿ ಹೊಸ ನಮೂನೆ ಬಂತು. ಅದನ್ನು ತುಂಬುವುದು ಸುಲಭವಾಯಿತು, ನಿಜ. ಆದರೆ ಎಷ್ಟು ಪ್ರಮಾಣ ತಯಾರಾಯಿತು, ಎಷ್ಟು ಆಮದಾಯಿತು ಎಂಬ ಅಂಕಣ ಹೋಯಿತು. ಸಾರ್ವಜನಿಕರ ಅಗತ್ಯ ನ್ಯಾಯವಾದ ಬೆಲೆಯಲ್ಲಿ ಪೂರೈಕೆಯಾಗಿದೆಯೆ ಎಂಬ ಪ್ರಶ್ನೆಯೂ ಹೋಯಿತು. 2024ರ ಮಾರ್ಚ್ 15ರ ನಿಯಮಗಳಲ್ಲಿ, ವರ್ಷಕ್ಕೊಮ್ಮೆ ಸಲ್ಲಿಸುತ್ತಿದ್ದ ಈ ಲೆಕ್ಕವನ್ನು ಮೂರು ಹಣಕಾಸು ವರ್ಷಕ್ಕೊಮ್ಮೆ ಸಲ್ಲಿಸಿದರೆ ಸಾಕು ಎಂದಾಯಿತು. ಸುಳ್ಳು ಮಾಹಿತಿ ಕೊಟ್ಟವರಿಗೆ ಇದ್ದ ಜೈಲುಶಿಕ್ಷೆಯನ್ನು 2023ರ ಜನ ವಿಶ್ವಾಸ ಕಾಯಿದೆ ತೆಗೆದು, ಹಣದ ದಂಡವನ್ನಷ್ಟೇ ಉಳಿಸಿತು.

ಉದ್ಯಮದವರ ವಾದವನ್ನೂ ಇಲ್ಲಿ ಹೇಳಬೇಕು. ಒಂದು ಮೊಬೈಲ್ ಫೋನಿನಲ್ಲಿ ಸಾವಿರಾರು ಪೇಟೆಂಟ್‌ಗಳ ಅಂಶಗಳಿರುತ್ತವೆ. ಅವುಗಳಲ್ಲಿ ಒಂದು ಪೇಟೆಂಟ್‌ನಿಂದ ಎಷ್ಟು ಸಂಪಾದನೆಯಾಯಿತು ಎಂದು ಬೇರ್ಪಡಿಸಿ ಹೇಳುವುದು ಕಷ್ಟವೇ. ಆದರೆ ಒಂದು ಮಾತ್ರೆಯ ವಿಷಯ ಹಾಗಲ್ಲ. ಎಷ್ಟು ಮಾತ್ರೆ ಬಂತು, ಎಷ್ಟು ಮಾರಾಟವಾಯಿತು ಎಂದು ಎಣಿಸಬಹುದು. ಫೋನಿನ ಕಷ್ಟಕ್ಕೆ ಕೊಟ್ಟ ರಿಯಾಯಿತಿ ಮಾತ್ರೆಗೂ ದೊರೆತದ್ದು ಸರಿಯೆ ಎಂಬುದನ್ನು ನೀವೇ ಯೋಚಿಸಿ.

ಈ ಹೊಸ ನಮೂನೆಯನ್ನು ನೋಡಲು ಬಷೀರ್ ಇರಲಿಲ್ಲ. 2019ರ ಆಗಸ್ಟ್‌ನಲ್ಲಿ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಯ ಬಳಿ ಅವರು ತೀರಿಕೊಂಡರು. ಆಗ ಅವರಿಗೆ 43 ವರ್ಷ. ಬಡ ಮತ್ತು ಹಿಂದುಳಿದ ಕುಟುಂಬಗಳ ಮಕ್ಕಳನ್ನು ಕಾನೂನು ಶಾಲೆಗಳಿಗೆ ತರಲು ಅವರು 2010ರಲ್ಲಿ ಆರಂಭಿಸಿದ 'ಇಡಿಯಾ' ಎಂಬ ಯೋಜನೆ ಅವರ ನಂತರವೂ ನಡೆಯಿತು.

ವಕೀಲಿ ವೃತ್ತಿಗೆ ಏನಾಯಿತು?

1995ಕ್ಕೆ ಮೊದಲು ಪೇಟೆಂಟ್ ವಕೀಲಿ ಎಂದರೆ ನಾಲ್ಕು ಮಹಾನಗರಗಳ ಕೆಲವೇ ಕಚೇರಿಗಳ ಕೆಲಸ. ತಿದ್ದುಪಡಿಗಳ ನಂತರ ಮೂರು ಬದಲಾವಣೆಗಳಾದವು.

ಮೊದಲನೆಯದು, ಈ ವೃತ್ತಿಗೆ ವಿಜ್ಞಾನ ಬಂತು. ಪೇಟೆಂಟ್ ಅರ್ಜಿಯನ್ನು ಬರೆದು, ಕಚೇರಿಯ ಮುಂದೆ ವಾದಿಸುವವರನ್ನು ಪೇಟೆಂಟ್ ಏಜೆಂಟ್ ಎನ್ನುತ್ತಾರೆ. 2002ರ ತಿದ್ದುಪಡಿ ಏಜೆಂಟರಿಗೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿಯನ್ನು ಕಡ್ಡಾಯ ಮಾಡಿತು. 2005ರ ತಿದ್ದುಪಡಿ ವಕೀಲರಿಗಿದ್ದ ನೇರ ನೋಂದಣಿಯನ್ನು ತೆಗೆದು, ಅವರೂ ಅರ್ಹತಾ ಪರೀಕ್ಷೆ ಬರೆಯಬೇಕು ಎಂದಿತು. ಇದು ವಕೀಲರಲ್ಲಿ ಅಸಮಾಧಾನ ತಂದಿತು. 2013ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಎಸ್. ಪಿ. ಚೊಕ್ಕಲಿಂಗಂ ಪ್ರಕರಣದಲ್ಲಿ ವಕೀಲರ ಪರವಾಗಿ ತೀರ್ಪು ಕೊಟ್ಟಿತು. ಈ ವಾದವಿವಾದ ಹೇಗೇ ಇರಲಿ, ಕಾನೂನು ಪದವಿಯಿಲ್ಲದ ಬಿ.ಎಸ್ಸಿ. ಪದವೀಧರರೂ ಪರೀಕ್ಷೆಯಲ್ಲಿ ಉತ್ತೀರ್ಣರಾದರೆ ಪೇಟೆಂಟ್ ಏಜೆಂಟರಾಗಬಹುದು. ಇದು ನಿಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಬೇಕಾದ ಮಾತು.

ಎರಡನೆಯದು, ತಂತ್ರಾಂಶ. ಬೆಂಗಳೂರಿಗೆ ಇದು ಮನೆಯ ವಿಷಯ. 'ಕಂಪ್ಯೂಟರ್ ಪ್ರೋಗ್ರಾಂ ತನ್ನಷ್ಟಕ್ಕೆ ತಾನೇ' ಪೇಟೆಂಟ್‌ಗೆ ಅರ್ಹವಲ್ಲ ಎನ್ನುತ್ತದೆ ಸೆಕ್ಷನ್ 3(ಕೆ). 2004ರ ಕೊನೆಯ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ಹೊರಟಿತ್ತು. ವಿರೋಧ ಬಂದುದರಿಂದ 2005ರ ಕಾಯಿದೆಯಲ್ಲಿ ಆ ಸಡಿಲಿಕೆ ಉಳಿಯಲಿಲ್ಲ. ಹಾಗಾದರೆ 'ತನ್ನಷ್ಟಕ್ಕೆ ತಾನೇ' ಎಂಬುದರ ಗೆರೆ ಎಲ್ಲಿ? 2002ರಲ್ಲಿ ಸಲ್ಲಿಸಿದ್ದ ಒಂದು ಅರ್ಜಿಯ ಕುರಿತು 2019ರ ಡಿಸೆಂಬರ್‌ನಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಉತ್ತರ ಕೊಟ್ಟಿತು. ಫರೀದ್ ಅಲ್ಲಾನಿ ಪ್ರಕರಣವೆಂದು ಅದರ ಹೆಸರು. ಪ್ರೋಗ್ರಾಂ ಇದೆ ಎಂಬ ಕಾರಣಕ್ಕೇ ಅರ್ಜಿಯನ್ನು ತಳ್ಳುವಂತಿಲ್ಲ, ಅದರಿಂದ ತಾಂತ್ರಿಕ ಪರಿಣಾಮ ಅಥವಾ ತಾಂತ್ರಿಕ ಮುನ್ನಡೆ ಆಗಿದೆಯೆ ಎಂದು ನೋಡಬೇಕು ಎಂದಿತು ತೀರ್ಪು. ಅದನ್ನು ಬರೆದ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಬೆಂಗಳೂರಿನ ಯೂನಿವರ್ಸಿಟಿ ಲಾ ಕಾಲೇಜಿನಲ್ಲಿ ಓದಿದವರು.

ಮೂರನೆಯದು, ಮೇಲ್ಮನವಿಯ ದಾರಿ. ಚೆನ್ನೈನಲ್ಲಿ ಮುಖ್ಯ ಕಚೇರಿಯಿದ್ದ ಮೇಲ್ಮನವಿ ಮಂಡಳಿ 2007ರಿಂದ ಪೇಟೆಂಟ್ ಪ್ರಕರಣಗಳನ್ನು ಕೇಳುತ್ತಿತ್ತು. ಅದರ ಹುದ್ದೆಗಳು ಎಷ್ಟೋ ಕಾಲ ಖಾಲಿ ಬಿದ್ದಿದ್ದವು. 2021ರ ಏಪ್ರಿಲ್‌ನಲ್ಲಿ ಮಂಡಳಿಯನ್ನೇ ರದ್ದುಮಾಡಿ, ಮೇಲ್ಮನವಿಗಳನ್ನು ಉಚ್ಚ ನ್ಯಾಯಾಲಯಗಳಿಗೆ ವಹಿಸಲಾಯಿತು. ಅದೇ ವರ್ಷ ದೆಹಲಿಯಲ್ಲಿ, 2023ರಲ್ಲಿ ಮದ್ರಾಸಿನಲ್ಲಿ ಬೌದ್ಧಿಕ ಸ್ವತ್ತಿನ ಪ್ರತ್ಯೇಕ ವಿಭಾಗಗಳು ಆರಂಭವಾದವು. ಮಂಡಳಿಯಲ್ಲಿ ತಾಂತ್ರಿಕ ಸದಸ್ಯರಿದ್ದರು. ನ್ಯಾಯಾಲಯದಲ್ಲಿ ಹರಳು, ಜೀನ್, ಆಲ್ಗಾರಿದಂಗಳನ್ನು ನ್ಯಾಯಾಧೀಶರಿಗೆ ತಿಳಿಯುವಂತೆ ವಿವರಿಸುವ ಹೊಣೆ ವಕೀಲರ ಮೇಲೆಯೇ ಹೆಚ್ಚಾಗಿ ಬಿತ್ತು. ಒಂದು ರೀತಿಯಲ್ಲಿ ಅದು ಮೇಷ್ಟರ ಕೆಲಸ.

ತರಗತಿಯಲ್ಲಿ ಏನು ಮಾಡಬಹುದು?

ಕಾಲೇಜುಗಳಿಂದಲೂ ಪೇಟೆಂಟ್ ಅರ್ಜಿಗಳು ಹೋಗುತ್ತವೆ. 2021ರ ನಿಯಮಗಳು ಶಿಕ್ಷಣ ಸಂಸ್ಥೆಗಳಿಗೆ ಶುಲ್ಕದಲ್ಲಿ ಶೇಕಡ 80ರಷ್ಟು ರಿಯಾಯಿತಿ ಕೊಟ್ಟವು. ಅರ್ಜಿಯ ಮೂಲ ಶುಲ್ಕ 8,000 ರೂಪಾಯಿಯ ಬದಲು 1,600 ರೂಪಾಯಿ ಆಯಿತು. ಆದರೆ ಎಚ್ಚರಿಕೆಯ ಮಾತೊಂದಿದೆ. ಅರ್ಜಿ ಸಲ್ಲಿಸುವ ಮೊದಲೇ ಪ್ರಬಂಧ ಪ್ರಕಟಿಸಿದರೆ ಅಥವಾ ಯೋಜನೆಯನ್ನು ಎಲ್ಲರಿಗೂ ತೋರಿಸಿದರೆ ಹೊಸತನ ಹೋಗಿಬಿಡಬಹುದು. ಕಾಯಿದೆ ಕೊಡುವ 12 ತಿಂಗಳ ವಿನಾಯಿತಿ ಕೆಲವು ನಿರ್ದಿಷ್ಟ ಸಂದರ್ಭಗಳಿಗಷ್ಟೇ ಸೀಮಿತ. ಆದ್ದರಿಂದ ಮೊದಲು ಅರ್ಜಿ, ಆಮೇಲೆ ಪ್ರಕಟಣೆ. ಪರೀಕ್ಷಣೆಯ ಕೋರಿಕೆಗೆ ಇದ್ದ 48 ತಿಂಗಳ ಗಡುವೂ 2024ರ ನಿಯಮಗಳಲ್ಲಿ 31 ತಿಂಗಳಿಗೆ ಇಳಿದಿದೆ.

ಅರ್ಜಿ ಹಾಕುವುದಷ್ಟೇ ನಮ್ಮ ಕೆಲಸವಲ್ಲ. ಓದುವುದೂ ನಮ್ಮ ಹಕ್ಕು. ಅರ್ಜಿಗಳು ಸಾಮಾನ್ಯವಾಗಿ 18 ತಿಂಗಳ ನಂತರ ಪ್ರಕಟವಾಗುತ್ತವೆ. ಪೇಟೆಂಟ್ ಕಚೇರಿಯ ಅಂತರಜಾಲ ತಾಣದಲ್ಲಿ ಹಣ ಕೊಡದೆ ಓದಬಹುದು. ನಿಮ್ಮ ವಿದ್ಯಾರ್ಥಿಗಳಿಗೆ ಒಂದು ಅರ್ಜಿಯನ್ನು ಕೊಡಿ. ಅದರಲ್ಲಿ ಹೊಸದೇನು, ಮೊದಲೇ ಗೊತ್ತಿದ್ದುದೇನು ಎಂದು ಬೇರ್ಪಡಿಸಲು ಹೇಳಿ. ಅರಿಶಿನದಿಂದ ಗಾಯ ಮಾಯುವ ಗುಣಕ್ಕೆ ಅಮೆರಿಕದಲ್ಲಿ 1995ರಲ್ಲಿ ಸಿಕ್ಕ ಪೇಟೆಂಟ್ 1997ರಲ್ಲಿ ರದ್ದಾದದ್ದು ಇಂಥ ಓದಿನಿಂದಲೇ. ನಮ್ಮ ವೈಜ್ಞಾನಿಕ ಮತ್ತು ಔದ್ಯಮಿಕ ಸಂಶೋಧನಾ ಪರಿಷತ್ತು ಹಳೆಯ ದಾಖಲೆಗಳನ್ನು ಹುಡುಕಿ ಮುಂದಿಟ್ಟಿತು.

ಪೇಟೆಂಟ್ ನೀಡುವ ಮೊದಲು ಆಕ್ಷೇಪಿಸಲು 'ಯಾವ ವ್ಯಕ್ತಿಗಾದರೂ' ಇರುವ ಅವಕಾಶ ಈಗಲೂ ಕಾಯಿದೆಯಲ್ಲಿದೆ. 2024ರ ನಿಯಮಗಳು ಅದಕ್ಕೆ ಶುಲ್ಕ ವಿಧಿಸಿವೆ, ಆಕ್ಷೇಪಣೆ ವಿಚಾರಣೆಗೆ ಯೋಗ್ಯವೆ ಎಂದು ಕಂಟ್ರೋಲರ್ ಮೊದಲು ನೋಡಬೇಕೆಂದೂ ಹೇಳಿವೆ. ಬಾಗಿಲು ಕಿರಿದಾಗಿದೆ, ಮುಚ್ಚಿಲ್ಲ. ಅದರೊಳಗೆ ಹೋಗಲು ವಕೀಲನೇ ಆಗಿರಬೇಕೆಂದಿಲ್ಲ. ಹರಳಿನ ರಚನೆ ತಿಳಿದ ಒಬ್ಬ ರಸಾಯನ ವಿಜ್ಞಾನದ ಮೇಷ್ಟರೂ ಹೋಗಬಹುದು.

ಮಲ್ಲತ್ತಹಳ್ಳಿಯ ಕಡೆಗೆ ಬರುವ ಬಸ್ಸಿನಲ್ಲಿ ಅಕ್ಕಪಕ್ಕ ಕುಳಿತ ಕಾನೂನು ವಿದ್ಯಾರ್ಥಿಯೂ ವಿಜ್ಞಾನ ವಿದ್ಯಾರ್ಥಿಯೂ ಇಳಿಯುವ ಮೊದಲು ಒಬ್ಬರನ್ನೊಬ್ಬರು ಮಾತನಾಡಿಸಿದರೆ ಎಷ್ಟೋ ಕೆಲಸವಾದೀತು. ಇಪ್ಪತ್ತು ವರ್ಷದ ಹಕ್ಕನ್ನು ಕೊಟ್ಟವರು ಜನ. ಅದರ ಲೆಕ್ಕ ಕೇಳುವುದೂ ಜನರ ಕೆಲಸವೇ.